ಶಾನುಭೋಗರ ಕಡತ, ಬೆಂಗಳೂರಿನ ಸರ್ವರ್

ಕಂಪ್ಯೂಟರಿನ ಫೈಲಿಗೆ ಕನ್ನಡದಲ್ಲಿ 'ಕಡತ' ಎಂಬ ಮಾತು ನಿಂತುಹೋಗಿದೆ. ಪರದೆಯ ಮೇಲಿನ ಫೋಲ್ಡರಿಗೆ 'ಕಡತಕೋಶ' ಎನ್ನುವವರೂ ಇದ್ದಾರೆ. ಈ ಪದವನ್ನು ಆರಿಸಿದವರಿಗೆ ಅದರ ಹಳೆಯ ಅರ್ಥ ಮನಸ್ಸಿನಲ್ಲಿತ್ತೋ ಇಲ್ಲವೋ, ಆಯ್ಕೆಯಂತೂ ಸೊಗಸಾಗಿದೆ. ಕಡತವೆಂದರೆ ಮೊದಲು ಕಾಗದವಲ್ಲ, ಬಟ್ಟೆ. ಉದ್ದನೆಯ ಹತ್ತಿಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲಪುಡಿ ಕಲಸಿ ಎರಡೂ ಕಡೆ ಬಳಿದು, ಒಣಗಿಸಿ, ಕತ್ತರಿಸದೆ ಹಾಗೇ ಮಡಿಕೆ ಮಡಿಕೆಯಾಗಿ ಮಡಚಿಟ್ಟರೆ ಕಪ್ಪು ಪುಸ್ತಕವೊಂದು ತಯಾರು. ಬರೆಯುವುದು ಬಳಪದಿಂದ. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಅಚ್ಚಾದ ತನ್ನ ಇತಿಹಾಸದಲ್ಲಿ ಇದನ್ನು ಅಳತೆಸಮೇತ ವರ್ಣಿಸಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ, ಎರಡು ತುದಿಗೂ ಬಣ್ಣ ಹಚ್ಚಿದ ಮರದ ಹಲಗೆ.

ಅಂಗಡಿಯ ಶೆಟ್ಟರೂ ಊರ ಶಾನುಭೋಗರೂ ಲೆಕ್ಕ ಬರೆಯುತ್ತಿದ್ದುದು ಇದರಲ್ಲೇ. ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಇನ್ನೊಂದು ಗುಣ, ಯಾರೂ ವಿಶೇಷವಾಗಿ ಹೇಳದಿದ್ದರೂ ಅಷ್ಟೇ ಮುಖ್ಯವಾದದ್ದು: ಕಡತ ಬರೆದವನ ಮನೆಯಲ್ಲೇ ಇರುತ್ತಿತ್ತು. ಯಾವ ಹೊಲ ಯಾರದು, ಯಾರ ಕಂದಾಯ ಬಾಕಿ, ಯಾವುದು ಇನಾಮು ಎಂಬುದೆಲ್ಲ ಒಂದು ಮನೆಯ ನಾಗಂದಿಗೆಯ ಮೇಲೆ, ಒರೆಸಬಹುದಾದ ಬಟ್ಟೆಯಲ್ಲಿ. ದಾಖಲೆ ಎಲ್ಲಿರಬೇಕು, ಎಂಥದ್ದು ದಾಖಲೆ ಎನಿಸಿಕೊಳ್ಳಬೇಕು, ಇದನ್ನು ತೀರ್ಮಾನಿಸುವವರು ಯಾರು? ಇಂದು ಕಚೇರಿಗಳ ಕಂಪ್ಯೂಟರುಗಳಲ್ಲಿ 'ಇಲ್ಲಿ ಸೇವ್ ಮಾಡಲು ನಿಮಗೆ ಅನುಮತಿ ಇಲ್ಲ', 'ಈ ಬಗೆಯ ಫೈಲು ಸ್ವೀಕಾರವಿಲ್ಲ' ಎಂದು ಮೂಡುವ ಸೂಚನೆಗಳು ಹೊಸವೆನಿಸುತ್ತವೆ. ಆದರೆ ಆ ಎರಡು ವಾಕ್ಯಗಳ ಹಿಂದೆ ಇರುವ ಜಗಳ ಹಳೆಯದು. ಅದನ್ನು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳ ಮೂಲಕ ನೋಡುವುದು ಸುಲಭ. ಏಕೆಂದರೆ ಕಳೆದ ಇನ್ನೂರಿಪ್ಪತ್ತೈದು ವರ್ಷಗಳಲ್ಲಿ ಈ ನೆಲದ ಜನ ಇದ್ದಲ್ಲೇ ಇದ್ದಾರೆ, ಅವರ ಕಾಗದಗಳು ಮಾತ್ರ ಅನಂತಪುರ, ಮದ್ರಾಸು, ಬಳ್ಳಾರಿ, ದಾವಣಗೆರೆ, ಹೊಸಪೇಟೆ, ಬೆಂಗಳೂರು ಎಂದು ಸುತ್ತಿವೆ.

ಈ ಸೀಮೆಯಲ್ಲಿ ಸಿಕ್ಕಿರುವ ಅತಿ ಹಳೆಯ 'ಕಚೇರಿ ಪತ್ರ'ಗಳಲ್ಲಿ ಒಂದು ಹಿರೇಹಡಗಲಿಯ ತಾಮ್ರಪಟ. ನಾಲ್ಕನೆಯ ಶತಮಾನದ್ದು, ಪಲ್ಲವ ಶಿವಸ್ಕಂದವರ್ಮನದು, ಎಂಟು ಹಲಗೆಗಳು, ಭಾಷೆ ಪ್ರಾಕೃತ. ಎಪಿಗ್ರಾಫಿಯಾ ಇಂಡಿಕಾದ ಮೊದಲ ಸಂಪುಟದಲ್ಲೇ ಬ್ಯೂಲರ್ ಇದನ್ನು ಪ್ರಕಟಿಸಿದ. ಕಂಚಿಯಿಂದ ಹೊರಟ ಆಜ್ಞೆ ಇದು. ಈ ಭಾಗಕ್ಕೆ ಆಗ ಸಾತಾಹನಿರಟ್ಠವೆಂದು ಹೆಸರು. ರಾಜನ ರಹಸ್ಯಾಧಿಕಾರಿ ಭಟ್ಟಿಶರ್ಮ ಸ್ವಹಸ್ತದಿಂದ ಬರೆದನೆಂದು ಕೊನೆಯಲ್ಲಿದೆ. ಕಂಚಿಯ ಅರಮನೆಯಲ್ಲಿ ಇದರ ಪ್ರತಿ ಇದ್ದಿದ್ದರೆ ಅದು ನಮಗೆ ಸಿಕ್ಕಿಲ್ಲ. ದಾನ ಪಡೆದವರ ಕೈಗೆ ಕೊಟ್ಟ ಪ್ರತಿ ಉಳಿಯಿತು. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯ ಶಾಸನಗಳೂ ಕೋಗಳಿಯ ಬಸದಿಯ ಶಾಸನಗಳೂ ಇನ್ನೊಂದು ಬಗೆ: ಕಲ್ಲಿನಲ್ಲಿ ಕೊರೆದು ನಾಲ್ಕು ಜನ ಓಡಾಡುವಲ್ಲಿ ನಿಲ್ಲಿಸಿದವು. ತಾಮ್ರ ಮನೆಯೊಳಗೆ, ಕಲ್ಲು ಗುಡಿಯಲ್ಲಿ, ಕಡತ ಶಾನುಭೋಗರ ಅಟ್ಟದಲ್ಲಿ. ದತ್ತಿ ಶಾಶ್ವತವಾದದ್ದು, ಅದಕ್ಕೆ ಅಳಿಯದ ಮಾಧ್ಯಮ. ಕಂದಾಯ ವರ್ಷವರ್ಷ ಬದಲಾಗುವಂಥದ್ದು, ಅದಕ್ಕೆ ಒರೆಸುವ ಮಾಧ್ಯಮ. ಈ ಏರ್ಪಾಡಿನಲ್ಲಿ ಒಂದು ತರ್ಕವಿತ್ತು. ಅದರ ಫಲವೂ ಇದೆ: ದಾನ ಕೊಟ್ಟ ದೊರೆಗಳ ಹೆಸರುಗಳು ನಮಗೆ ಗೊತ್ತು, ಆ ತೋಟದಲ್ಲಿ ಗೇಯ್ದವರು ಯಾವ ವರ್ಷ ಎಷ್ಟು ಕೊಟ್ಟರು ಎಂಬುದು ಒರೆಸಿಹೋಗಿದೆ. ಶೃಂಗೇರಿ ಮಠದಂಥ ಸಂಸ್ಥೆ ಕಾಪಾಡಿದ ಕಡತಗಳು ಉಳಿದು ವಿದ್ವಾಂಸರ ಕೈಗೆ ಬಂದವು. ಹಳ್ಳಿಯ ಕಡತಕ್ಕೆ ಆ ಭಾಗ್ಯವಿರಲಿಲ್ಲ.

1800ರಲ್ಲಿ ಹೈದರಾಬಾದಿನ ನಿಜಾಮ ಈ ಪ್ರದೇಶವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. 'ದತ್ತಮಂಡಲ' ಎಂಬ ಹೆಸರು ಬಂದದ್ದು ಹಾಗೆ. ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದ. ಅವನ ಕೇಂದ್ರ ಅನಂತಪುರ. ಅವನ ಮೊದಲ ತಲೆನೋವು ಪಾಳೆಯಗಾರರು. ಅದಕ್ಕಿಂತ ದೀರ್ಘವಾದ ತಲೆನೋವು ಶಾನುಭೋಗರ ಲೆಕ್ಕ. ಕಂಪನಿಯ ಕಾಗದಗಳಲ್ಲಿ ಇವರು 'ಕರಣಂ'. ನಿಜವಾದ ಲೆಕ್ಕ ಒಂದು, ಸರ್ಕಾರಕ್ಕೆ ತೋರಿಸುವ ಲೆಕ್ಕ ಇನ್ನೊಂದು ಎಂಬ ಸಂಶಯ ಅವನಿಗೆ ಸದಾ ಇತ್ತು. ಕಡತವನ್ನು ನಂಬಲಾಗದಿದ್ದರೆ ಮಾಡುವುದೇನು? ಹೊಲವನ್ನೇ ಅಳೆಯುವುದು. 1802ರಲ್ಲಿ ಶುರುವಾದ ಸರ್ವೆ ಹೊಲಹೊಲವನ್ನೂ ಅಳೆದು, ದರ ಕಟ್ಟಿ, ಹಿಡುವಳಿದಾರನ ಹೆಸರಿಗೆ ಕಂದಾಯ ನಿಗದಿ ಮಾಡುವ ರೈತವಾರಿಗೆ ದಾರಿ ಮಾಡಿತು. ಇದನ್ನು ಭೂ ಕಂದಾಯದ ಸುಧಾರಣೆ ಎಂದೇ ನಮಗೆ ಪಾಠ ಹೇಳುತ್ತಾರೆ. ನನಗೆ ಅದು ಅದಕ್ಕಿಂತ ಮೊದಲು ದಾಖಲೆಯ ಸುಧಾರಣೆಯಾಗಿ ಕಾಣುತ್ತದೆ: ಬಟ್ಟೆಯಿಂದ ಕಾಗದಕ್ಕೆ, ಮನೆಯಿಂದ ಕಚೇರಿಗೆ, ಶಾನುಭೋಗರ ಬರವಣಿಗೆಯ ರೀತಿಯಿಂದ ಸರ್ಕಾರ ಗೆರೆ ಎಳೆದುಕೊಟ್ಟ ಕಾಲಮ್ಮುಗಳಿಗೆ. ಆದರೂ ಬರೆಯುವ ಕೈ ಬದಲಾಗಲಿಲ್ಲ. ಕಾಲಮ್ಮು ತುಂಬುವವರು ಅದೇ ಶಾನುಭೋಗರು, ಅದೇ ಮನೆತನ.

ಇದೇ ಹೊತ್ತಿನಲ್ಲಿ ಇನ್ನೊಬ್ಬ ಸ್ಕಾಟ್ಲೆಂಡಿನವ, ಕಾಲಿನ್ ಮೆಕೆಂಜಿ, ಕಾಲಮ್ಮಿಗೆ ಸೇರದ್ದನ್ನು ಸಂಗ್ರಹಿಸುತ್ತಿದ್ದ. ಕಾವಲಿ ವೆಂಕಟ ಬೊರಯ್ಯ, ಅವನು ತೀರಿದ ಮೇಲೆ ಅವನ ತಮ್ಮ ಲಕ್ಷ್ಮಯ್ಯ, ಮತ್ತು ಇತರ ಸಹಾಯಕರು ಊರೂರು ಸುತ್ತಿ ಗೌಡ, ಶಾನುಭೋಗ, ಮಠದವರಿಂದ ಊರಿನ ಕಥೆ ಬರೆಸಿಕೊಂಡರು. ಊರು ಕಟ್ಟಿದವರು ಯಾರು, ಕೆರೆ ಯಾವಾಗ ಒಡೆಯಿತು, ಯಾವ ನಾಯಕ ಯಾರನ್ನು ಓಡಿಸಿದ. ಇವೇ ಕೈಫಿಯತ್ತುಗಳು. ಶಾನುಭೋಗರ ಮನೆಯ ಕವಿಲೆಗಳಿಂದ ಇಳಿಸಿದ್ದೂ ಇದೆ, ಬಾಯಿಮಾತೂ ಇದೆ. ಮೆಕೆಂಜಿ 1821ರಲ್ಲಿ ಸತ್ತ. ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 1,568 ಸಾಹಿತ್ಯಿಕ ಹಸ್ತಪ್ರತಿಗಳು, 2,070 ಸ್ಥಳೀಯ ವೃತ್ತಾಂತಗಳು, 8,076 ಶಾಸನಪ್ರತಿಗಳು ಇವೆ. ಆಮೇಲೆ ಈ ರಾಶಿ ಒಡೆಯಿತು: ಸ್ವಲ್ಪ ಕಲ್ಕತ್ತದಲ್ಲಿ, ಸ್ವಲ್ಪ ಲಂಡನ್ನಿನಲ್ಲಿ, ದೇಶಭಾಷೆಯ ದೊಡ್ಡ ಪಾಲು ಮದ್ರಾಸಿನಲ್ಲಿ. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿ ಸಂಪಾದಿಸಿ, ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ 'ಕರ್ನಾಟಕದ ಕೈಫಿಯತ್ತುಗಳು' ಎಂದು ಅಚ್ಚುಹಾಕುವವರೆಗೆ, ಬಳ್ಳಾರಿ ಸೀಮೆಯ ವಿದ್ಯಾರ್ಥಿ ತನ್ನ ಊರಿನ ಕಥೆ ಓದಲು ಮದ್ರಾಸಿನ ರೈಲು ಹತ್ತಬೇಕಿತ್ತು.

ಮನ್ರೋ ಮತ್ತು ಮೆಕೆಂಜಿ ಇಬ್ಬರೂ ಒಂದೇ ಶಾನುಭೋಗರ ಮುಂದೆ ಕೂತಿದ್ದವರು, ಅಥವಾ ತಮ್ಮ ಗುಮಾಸ್ತರನ್ನು ಕೂರಿಸಿದ್ದವರು. ಒಬ್ಬನಿಗೆ ಅಂಕಿ ಬೇಕು, ಇನ್ನೊಬ್ಬನಿಗೆ ಕಥೆ ಬೇಕು. ಶಾನುಭೋಗರ ತಲೆಯಲ್ಲಿ ಇವೆರಡೂ ಬೇರೆಯಾಗಿರಲಿಲ್ಲ. 'ಇಂಥ ನಾಯಕನು ಇಂಥ ಕಾಳಗದಲ್ಲಿ ಸತ್ತವನ ಮಕ್ಕಳಿಗೆ ಬಿಟ್ಟ ಹೊಲ, ಆದ್ದರಿಂದ ಕಂದಾಯವಿಲ್ಲ' ಎನ್ನುವ ಮಾತಿನಲ್ಲಿ ಕಥೆಯೂ ಲೆಕ್ಕವೂ ಒಂದೇ. ಕಂಪನಿಯ ಕಾಲದಲ್ಲಿ ಅದು ಎರಡು ಬಗೆಯ ಕಡತವಾಗಿ ಸೀಳಿತು. ಅಂಕಿ ಹುಜೂರು ಕಚೇರಿಗೆ, ಕಥೆ ಹಸ್ತಪ್ರತಿ ಭಂಡಾರಕ್ಕೆ. ಇವತ್ತಿಗೂ ಕಂದಾಯದ ದಾಖಲೆ ನೋಡುವ ಸಂಶೋಧಕರು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಬಳ್ಳಾರಿ ಜಿಲ್ಲೆಯ ಸಂಪುಟಗಳನ್ನು ತರಿಸಿಕೊಳ್ಳುತ್ತಾರೆ, ಕೈಫಿಯತ್ತು ನೋಡುವವರು ಬೇರೆಯೇ ಭಂಡಾರದ ಬಾಗಿಲು ತಟ್ಟುತ್ತಾರೆ. ಒಬ್ಬರ ಅಡಿಟಿಪ್ಪಣಿಯಲ್ಲಿ ಇನ್ನೊಬ್ಬರು ಸಿಗುವುದು ಅಪರೂಪ.

ಯಾವುದನ್ನು ಎಲ್ಲಿಡಬೇಕು ಎಂಬುದಾಯಿತು. ಎಷ್ಟು ದಿನ ಇಡಬೇಕು? ಕರ್ನಾಟಕದ ಸರ್ಕಾರಿ ಕಚೇರಿಗಳಲ್ಲಿ ಮುಗಿದ ಕಡತಗಳನ್ನು ವರ್ಗ ಮಾಡುವ ರೂಢಿಯಿದೆ. 'ಎ' ಎಂದರೆ ಶಾಶ್ವತ, 'ಬಿ' ಮೂವತ್ತು ವರ್ಷ, 'ಸಿ' ಹತ್ತು, 'ಡಿ' ಐದು, 'ಇ' ಒಂದೇ ವರ್ಷ. ಅವಧಿ ಮುಗಿದದ್ದನ್ನು ನಾಶ ಮಾಡಬಹುದು. ಇದರಲ್ಲಿ ತಪ್ಪು ಹುಡುಕುವುದು ಕಷ್ಟ. ಎಲ್ಲವನ್ನೂ ಇಟ್ಟುಕೊಂಡರೆ ಗೆದ್ದಲಿಗೆ ಊಟ. ಆದರೆ ವರ್ಗ ಹಾಕುವ ಕ್ಷಣದಲ್ಲಿ ಮೇಜಿನ ಗುಮಾಸ್ತರೇ ಇತಿಹಾಸಕಾರರು. ಜಮೀನಿನ ಹಕ್ಕು, ಸರ್ಕಾರದ ಆದೇಶ ಶಾಶ್ವತ. ಅರ್ಜಿ, ತಕರಾರು, 'ನಮ್ಮೂರಿಗೆ ಗಂಜಿ ಕೇಂದ್ರ ಬೇಕು' ಎಂಬ ಮನವಿ ಕೆಳಗಿನ ವರ್ಗಗಳಿಗೆ ಬೀಳುವ ಸಂಭವವೇ ಹೆಚ್ಚು. 1876ರಿಂದ 1878ರವರೆಗಿನ ದೊಡ್ಡ ಬರದಲ್ಲಿ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಆ ಬರದ ಬಗ್ಗೆ ನಾವು ಓದುವುದು ಅಧಿಕಾರಿಗಳ ವರದಿಗಳನ್ನು, ಬರ ಆಯೋಗದ ಸಂಪುಟಗಳನ್ನು, 1904ರ ಫ್ರಾನ್ಸಿಸ್‌ನ ಗ್ಯಾಸೆಟಿಯರನ್ನು. ಕೂಡ್ಲಿಗಿ ಕಡೆಯ ಒಬ್ಬ ಬೇಸಾಯಗಾರ ತನ್ನ ಎತ್ತು ಮಾರಿದ ದಿನ ಏನೆಂದು ಅರ್ಜಿ ಬರೆಸಿದ ಎಂಬುದನ್ನಲ್ಲ.

1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು; ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಪಟೇಲಿಕೆ, ಶಾನುಭೋಗಿಕೆಗಳೆಂಬ ವಂಶಪಾರಂಪರ್ಯ ಹುದ್ದೆಗಳು ರದ್ದಾದವು. ಸಂಬಳದ ಗ್ರಾಮಲೆಕ್ಕಿಗರು ಬಂದರು. 1964ರ ಭೂ ಕಂದಾಯ ಕಾಯ್ದೆಯೊಂದಿಗೆ ಇಡೀ ರಾಜ್ಯಕ್ಕೆ ಒಂದೇ ನಮೂನೆಯ ಪಹಣಿ. ಕಾನೂನಿನ ಪುಸ್ತಕದಲ್ಲಿ ದೊಡ್ಡ ಬದಲಾವಣೆ. ರೈತನ ಮಟ್ಟಿಗೆ ಪಹಣಿ ಪುಸ್ತಕ ಶಾನುಭೋಗರ ಅಟ್ಟದಿಂದ ಲೆಕ್ಕಿಗರ ಚೀಲಕ್ಕೆ ಬಂದಿತ್ತು, ಅಷ್ಟೆ. ಮೂರು ನಾಲ್ಕು ಊರಿಗೆ ಒಬ್ಬ ಲೆಕ್ಕಿಗರು. ಅವರು ಸಿಕ್ಕ ದಿನ ದಾಖಲೆ ಸಿಗುತ್ತಿತ್ತು.

ಇದನ್ನು ಮುರಿದದ್ದು 'ಭೂಮಿ' ಯೋಜನೆ. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಸುಮಾರು 2 ಕೋಟಿ ಪಹಣಿಗಳು, 67 ಲಕ್ಷ ಹಿಡುವಳಿದಾರರ ವಿವರಗಳು, 177 ತಾಲ್ಲೂಕುಗಳ ಕಂಪ್ಯೂಟರುಗಳಿಗೆ ಏರಿದವು. 2002ರ ಹೊತ್ತಿಗೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. (ನಮ್ಮ ಐದರಲ್ಲಿ ಆಗ ಇದ್ದದ್ದು ನಾಲ್ಕೇ ತಾಲ್ಲೂಕು, ಕೊಟ್ಟೂರು ಇನ್ನೂ ಕೂಡ್ಲಿಗಿಯಲ್ಲಿತ್ತು.) ಕೈಬರಹದ ಪಹಣಿಗೆ ಕಾನೂನಿನ ಬೆಲೆ ಇಲ್ಲವೆಂದು ಘೋಷಿಸಲಾಯಿತು. ಈ ಕೊನೆಯ ಮಾತೇ ಮುಖ್ಯ. ಕೈಬರಹವನ್ನೂ ಉಳಿಸಿಕೊಂಡು ಕಂಪ್ಯೂಟರನ್ನೂ ತಂದಿದ್ದರೆ ಕೈಬರಹವೇ ಗೆಲ್ಲುತ್ತಿತ್ತು.

ಭೂಮಿಯ ಒಳಗಿನ ಕಟ್ಟುಪಾಡುಗಳನ್ನು ನೋಡಿದರೆ ಮನ್ರೋನ ಸಂಶಯವೇ ತಂತ್ರಾಂಶದ ರೂಪ ತಾಳಿದ ಹಾಗಿದೆ. ಸಿಬ್ಬಂದಿ ಒಳಗೆ ಹೋಗಬೇಕಾದರೆ ಪಾಸ್‌ವರ್ಡ್ ಸಾಲದು, ಬೆರಳಚ್ಚು ಬೇಕು. ನಾಳೆ 'ನಾನಲ್ಲ, ನನ್ನ ಪಾಸ್‌ವರ್ಡ್ ಬೇರೆಯವರು ಬಳಸಿದರು' ಎನ್ನುವಂತಿಲ್ಲ. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ಗೌಡರ ಅರ್ಜಿಯನ್ನು ಮುಂದೆ ತರಲು ಆಗುವುದಿಲ್ಲ. ಆದೇಶದ ಕಾಗದವನ್ನೂ ನೋಟಿಸನ್ನೂ ಸ್ಕ್ಯಾನ್ ಮಾಡಿ ಇಡಬೇಕು. ಬಳಪದ ಕಡತದಲ್ಲಿ ಒರೆಸಿದರೆ ಗುರುತು ಉಳಿಯದು. ಇಲ್ಲಿ ತಿದ್ದಿದ್ದರ ಗುರುತು ಉಳಿಯಲೇಬೇಕು. ಇದು ಸಣ್ಣ ಲಾಭವಲ್ಲ, ಸಣ್ಣ ರೈತನಿಗಂತೂ ಅಲ್ಲ. ತಾಲ್ಲೂಕಿನಲ್ಲಿದ್ದ ಮಾಹಿತಿ ಮುಂದೆ ಬೆಂಗಳೂರಿನ ಕೇಂದ್ರಕ್ಕೆ ಸೇರಿತು. ಈಗ ಮೊಬೈಲಿನಲ್ಲೇ ಪಹಣಿ ನೋಡಬಹುದು.

ಇನ್ನೊಂದು ಮಗ್ಗುಲೂ ಇದೆ. ಕಂಪ್ಯೂಟರಿಗೆ ಏರುವ ದಿನ ಪಹಣಿಯಲ್ಲಿ ಏನಿತ್ತೋ ಅದೇ ಸತ್ಯವಾಯಿತು. ಒಂಬತ್ತನೆಯ ಕಾಲಮ್ಮಿನಲ್ಲಿ ಸತ್ತ ಅಜ್ಜನ ಹೆಸರೇ ಇದ್ದರೆ, ನಾಲ್ಕು ಜನ ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಮೂವತ್ತು ವರ್ಷದಿಂದ ಉಳುತ್ತಿದ್ದರೂ, ತೆರೆಯ ಮೇಲೆ ಅಜ್ಜನೇ ಮಾಲೀಕ. ಹಿಂದೆ ಶಾನುಭೋಗರು ಅಂಚಿನಲ್ಲಿ ಎರಡು ಮಾತು ಬರೆದಿಡುತ್ತಿದ್ದರು. ಪಹಣಿಯ ತೆರೆಗೆ ಅಂಚು ಇಲ್ಲ. ಸಾಲಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲೇ ಭೂಮಿಯನ್ನು ಕುರಿತು ಎಚ್ಚರಿಸಿದ್ದರು: ದಾಖಲೆ ಮೇಲಕ್ಕೆ ಹೋದಷ್ಟೂ ಸ್ಥಳೀಯರ ಹಿಡಿತ ಸಡಿಲವಾಗಿ, ದೂರದಲ್ಲಿ ಕೂತ ದೊಡ್ಡ ಖರೀದಿದಾರರಿಗೆ ಜಮೀನು ಸುಲಭವಾಗಿ ಕಾಣತೊಡಗುತ್ತದೆ ಎಂದು. ಅವರ ಅಧ್ಯಯನದ ಕಣ್ಣು ಬೆಂಗಳೂರಿನ ಸುತ್ತಮುತ್ತಲ ಮೇಲಿತ್ತು. ನಮ್ಮ ಕೆಂಪುನೆಲದ, ಮಳೆಯಾಶ್ರಿತ ತಾಲ್ಲೂಕುಗಳಿಗೆ ಅದನ್ನು ಹಾಗೇ ಅನ್ವಯಿಸಲು ನಾನು ಸಿದ್ಧನಿಲ್ಲ. ಶಾನುಭೋಗರ ಕಾಲವನ್ನು ಬಂಗಾರದ ಕಾಲವೆನ್ನಲು ಅದಕ್ಕಿಂತ ಸಿದ್ಧನಿಲ್ಲ. ಅಂಚಿನಲ್ಲಿ ಬರೆಯುವ ಅದೇ ಕೈ ಅಂಚಿನಲ್ಲಿ ಒರೆಸುತ್ತಲೂ ಇತ್ತು.

ಫೈಲಿನ ಬಗೆಯ ತೊಡಕು ಅಕ್ಷರದಲ್ಲೂ ಇದೆ. ನಮ್ಮ ಕಚೇರಿಗಳಲ್ಲಿ ಬಹುಕಾಲ ಕನ್ನಡ ಬೆರಳಚ್ಚಾದದ್ದು ನುಡಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ತೆರೆಯ ಮೇಲೆ ಕನ್ನಡ ಕಾಣುತ್ತಿದ್ದರೂ ಫೈಲಿನ ಒಳಗೆ ಕೂತಿದ್ದದ್ದು ಇಂಗ್ಲಿಷ್ ಅಕ್ಷರಗಳ ಸಂಕೇತ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹುಡುಕಿದರೆ 'ಹರಪನಹಳ್ಳಿ' ಸಿಗುವುದಿಲ್ಲ, ಏಕೆಂದರೆ ಕಂಪ್ಯೂಟರಿನ ಪ್ರಕಾರ ಆ ಫೈಲಿನಲ್ಲಿ ಹರಪನಹಳ್ಳಿಯೇ ಇಲ್ಲ. ಯೂನಿಕೋಡ್ ಬಂದ ಮೇಲೆ ಇದು ತಹಬಂದಿಗೆ ಬಂದಿದೆ. ಆದರೆ ನಡುವಿನ ವರ್ಷಗಳ ಫೈಲುಗಳನ್ನು ಓದುವುದು ಮೋಡಿ ಲಿಪಿಯನ್ನು ಓದಿದಷ್ಟೇ ತ್ರಾಸ, ಮೋಡಿಗಾದರೂ ಕಲಿಸುವವರಿದ್ದಾರೆ.

ಹರಪನಹಳ್ಳಿಯ ಮಾತು ಬಂತಲ್ಲ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಈ ತಾಲ್ಲೂಕು ಬಳ್ಳಾರಿಯಿಂದ ಅತ್ತ ಹೋಯಿತು. ಸಂವಿಧಾನದ 371(ಜೆ) ಬಂದು ಹೈದರಾಬಾದ್ ಕರ್ನಾಟಕಕ್ಕೆ ಮೀಸಲಾತಿ, ಅನುದಾನ ಸಿಗತೊಡಗಿದ ಮೇಲೆ, ಹೊರಗುಳಿದ ಹರಪನಹಳ್ಳಿಯ ಜನ ವರ್ಷಗಟ್ಟಲೆ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದರು. ಮೂರೇ ವರ್ಷಕ್ಕೆ, 2021ರಲ್ಲಿ, ಬಳ್ಳಾರಿ ಒಡೆದು ವಿಜಯನಗರ ಜಿಲ್ಲೆಯಾಯಿತು. ಐದು ತಾಲ್ಲೂಕುಗಳೂ ಹೊಸಪೇಟೆಯ ಕೈಕೆಳಗೆ ಬಂದವು. ಸರ್ವರಿನಲ್ಲಿ ಇದು ಜಿಲ್ಲೆಯ ಸಂಕೇತ ಸಂಖ್ಯೆಯೊಂದರ ಬದಲಾವಣೆ. ಓದುವವರಿಗೆ ಅಷ್ಟು ಹಗುರವಲ್ಲ. 1991ರ ಜನಗಣತಿಯಲ್ಲಿ ಹರಪನಹಳ್ಳಿ ಬಳ್ಳಾರಿಯ ಪಟ್ಟಿಯಲ್ಲಿದೆ, 2001 ಮತ್ತು 2011ರಲ್ಲಿ ದಾವಣಗೆರೆಯ ಪಟ್ಟಿಯಲ್ಲಿ. ಕೊಟ್ಟೂರಿನ ಅಂಕಿ ಕೂಡ್ಲಿಗಿಯೊಳಗೆ ಅಡಗಿದೆ. 'ಬಳ್ಳಾರಿ ಜಿಲ್ಲೆಯ ಸಾಕ್ಷರತೆ' ಎಂದು ಹತ್ತು ವರ್ಷಕ್ಕೊಂದು ಅಂಕಿ ಜೋಡಿಸಿ ಗ್ರಾಫ್ ಬರೆದವರು ಒಂದೊಂದು ಸಲ ಒಂದೊಂದು ಬಳ್ಳಾರಿಯನ್ನು ಅಳೆದಿದ್ದಾರೆ.

2024ರಿಂದ ಕಂದಾಯ ಇಲಾಖೆ 'ಭೂ ಸುರಕ್ಷಾ' ಎಂಬ ಹೆಸರಿನಲ್ಲಿ ತಾಲ್ಲೂಕು ಕಚೇರಿಗಳ ದಾಖಲೆ ಕೋಣೆಗಳನ್ನೇ ಸ್ಕ್ಯಾನ್ ಮಾಡಿಸುತ್ತಿದೆ. ಹಾಳೆ ಪುಡಿಯಾಗುವ ಮೊದಲು ಆಗಬೇಕಾದ ಕೆಲಸವಿದು, ತಡವಾಗಿಯಾದರೂ ಆಗುತ್ತಿದೆ. ಜಮೀನಿನ ದಾಖಲೆ ಮೊದಲು ಎಂಬುದು ಸಹಜ. ಉಳಿದದ್ದು ಯಾವಾಗ, ಉಳಿಯುತ್ತದೆಯೇ ಎಂಬುದನ್ನು ಕೇಳುವ ಸಮಯವೂ ಇದೇ. ಸ್ಕ್ಯಾನಿಗೆ ಸೇರದ ಕಟ್ಟುಗಳು ಕೋಣೆಯಲ್ಲಿ ಬರೀ ಜಾಗ ತಿನ್ನುವ ಕಾಗದದಂತೆ ಕಾಣತೊಡಗುತ್ತವೆ.

ಇಷ್ಟೆಲ್ಲ ಜಮೀನು ಇದ್ದವರ ಮಾತಾಯಿತು. ಈ ತಾಲ್ಲೂಕುಗಳಲ್ಲಿ ಕಾಲಮ್ಮಿನ ಕಟ್ಟುನಿಟ್ಟು ಎಲ್ಲಕ್ಕಿಂತ ಹೆಚ್ಚು ಚುಚ್ಚುವುದು ಜಮೀನೇ ಇಲ್ಲದ ಒಂದು ಸಮುದಾಯವನ್ನು. ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಗಳಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕಿದ್ದ ಹೆಣ್ಣುಮಕ್ಕಳು ದೊಡ್ಡ ಸಂಖ್ಯೆಯಲ್ಲಿದ್ದಾರೆ. 1982ರಲ್ಲಿ ಪದ್ಧತಿಯನ್ನು ಕಾನೂನು ನಿಷೇಧಿಸಿತು. ಸರ್ಕಾರ 1993-94ರಲ್ಲಿ ಒಮ್ಮೆ, 2007-08ರಲ್ಲಿ ಇನ್ನೊಮ್ಮೆ ಸಮೀಕ್ಷೆ ಮಾಡಿತು; ಎರಡೂ ಸೇರಿ ರಾಜ್ಯದಲ್ಲಿ 46 ಸಾವಿರಕ್ಕೂ ಹೆಚ್ಚು ಹೆಸರುಗಳು. ಮಾಸಾಶನ, ಮನೆ, ಸಾಲ ಎಲ್ಲಕ್ಕೂ ಆ ಪಟ್ಟಿಯೇ ಬಾಗಿಲು. ಆ ದಿನ ಗುಳೆ ಹೋದವರು, ನಾಚಿಕೆಯಿಂದಲೋ ಭಯದಿಂದಲೋ ಹೆಸರು ಹೇಳದವರು ಪಟ್ಟಿಯ ಹೊರಗೆ ಉಳಿದರು.

ಅವರ ಮಕ್ಕಳಿಗೆ ಇನ್ನೊಂದು ಕಾಲಮ್ಮು ಕಾದಿತ್ತು: ತಂದೆಯ ಹೆಸರು. ಶಾಲೆಯ ದಾಖಲಾತಿ, ಜಾತಿ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಕೆಲಸದ ಅರ್ಜಿ, ಎಲ್ಲದರಲ್ಲೂ. ಕಾಗದದ ಅರ್ಜಿಯ ಕಾಲದಲ್ಲಿ ಅನುಕಂಪವಿದ್ದ ಮೇಷ್ಟ್ರು ಅಲ್ಲೊಂದು ಅಡ್ಡಗೆರೆ ಎಳೆದು, ಪಕ್ಕದಲ್ಲಿ ತಾಯಿಯ ಹೆಸರು ಬರೆದು ಮುಂದೆ ತಳ್ಳಬಹುದಿತ್ತು. ಅನುಕಂಪವಿಲ್ಲದವರು ಇಡೀ ತರಗತಿಗೆ ಕೇಳಿಸುವಂತೆ ಪ್ರಶ್ನೆ ಕೇಳಬಹುದಿತ್ತು. ಕಂಪ್ಯೂಟರ್ ಯಾರನ್ನೂ ಜೋರಾಗಿ ಕೇಳುವುದಿಲ್ಲ, ಅದು ಅದರ ಒಳ್ಳೆಯತನ. ಆದರೆ ಕೆಂಪು ನಕ್ಷತ್ರದ ಗುರುತಿರುವ ಜಾಗ ಖಾಲಿ ಬಿಟ್ಟರೆ ಅರ್ಜಿಯನ್ನು ಮುಂದಕ್ಕೂ ಬಿಡುವುದಿಲ್ಲ. ಆಗ ಹುಡುಗಿ ಏನಾದರೊಂದು ಹೆಸರು ತುಂಬುತ್ತಾಳೆ: ಸೋದರಮಾವನದು, ದೇವರದು. ಮುಂದೆ ಒಂದು ದಾಖಲೆಯಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು. ಹೊಂದಿಕೆಯಾಗದ್ದಕ್ಕೆ ಅವಳೇ ವಿವರಣೆ ಕೊಡಬೇಕು.

ವಿಮುಕ್ತ ದೇವದಾಸಿಯರ ಸಂಘಟನೆಗಳೂ ಅವರ ಮಕ್ಕಳೂ ವರ್ಷಗಳಿಂದ ಕೇಳುತ್ತಾ ಬಂದ ಮೇಲೆ, 2025ರ ಆಗಸ್ಟ್‌ನಲ್ಲಿ ವಿಧಾನಮಂಡಲ ಹೊಸ ದೇವದಾಸಿ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ಈ ಮಕ್ಕಳು ಅರ್ಜಿಗಳಲ್ಲಿ ತಂದೆಯ ಹೆಸರು ಕೊಡಲೇಬೇಕೆಂಬ ಕಡ್ಡಾಯವಿಲ್ಲ. ಇನ್ನು ಪ್ರತಿಯೊಂದು ಇಲಾಖೆಯ ಪ್ರತಿಯೊಂದು ನಮೂನೆಯಲ್ಲಿ ಆ ಕೆಂಪು ನಕ್ಷತ್ರವನ್ನು ತೆಗೆಯುವ ಕೆಲಸವಿದೆ. ಶಾನುಭೋಗರ ಕಾಲದಲ್ಲಾಗಿದ್ದರೆ ಒದ್ದೆ ಬಟ್ಟೆಯೊಂದು ಸಾಕಿತ್ತು. ಈಗ ಕೂಡ್ಲಿಗಿಯ ಕಂಪ್ಯೂಟರಿನ ಮುಂದೆ ಕೂತ ಗುಮಾಸ್ತರಿಗೆ ಮನಸ್ಸಿದ್ದರೂ ಅದನ್ನು ಅಳಿಸಲಾಗದು, ಅದು ಬೆಂಗಳೂರಿನಲ್ಲಿದೆ.